ಎಡಪಕ್ಕೆಯ ಉಸಿರು

ಚಿದ್ರಿ, ಬೀದರ
9 ನವೆಂಬರ್ 2003

ಚಿ. ಶಾಲುಬಾಯಿಗೆ,

ಅಂಚೆ ಪಾಠದ ಮೊದಲ ಕಟ್ಟು ಔರಾದಕ್ಕೆ ತಲುಪಿದೆಯೆಂದು ಮಚ್ಛೇಂದ್ರ ಫೋನಿನಲ್ಲಿ ಹೇಳಿದ. ನೀನೇ ಒಂದು ಸಾಲು ಬರೆಯಬಹುದಿತ್ತು. ಆ ಫೋನು ನಿನ್ನ ಗಂಡ ಓಡಿಸುವ ನೀರಿನ ಟ್ಯಾಂಕರಿನ ಮಾಲಕನ ಆಫೀಸಿನಲ್ಲಿದೆ, ಗಂಡಸರ ನಡುವೆ ನಿಂತು ನೀನು ಮಾತಾಡುವುದು ಬೇಡ. ಇನ್ನು ಮುಂದೆ ಹದಿನೈದು ದಿನಕ್ಕೊಂದು ಪತ್ರ ಬರೆಯಬೇಕು.

ಗಣಿತ ಮತ್ತು ಇತಿಹಾಸದ ಪಾಠಗಳ ನಡುವೆ ಒಂದು ಹಳದಿ ಹಾಳೆ ಇದೆ. ಅದನ್ನು ಬರೆದವಳು ನಾನು. ಈ ವರ್ಷ ಮನೆಯಲ್ಲೇ ಕೂತು ಹತ್ತನೆಯ ಪರೀಕ್ಷೆಗೆ ಓದುವ ಅರವತ್ತು ಹೆಣ್ಣುಮಕ್ಕಳಿಗೂ ಅದು ಹೋಗಿದೆ. ಪಾಠ ನಡೆಸುವವರು, ‘ಉಸಿರಾಡುವುದನ್ನೂ ಕಲಿಸಬೇಕೇ ಬಾಯಿ?’ ಎಂದು ನಕ್ಕರು. ಇಪ್ಪತ್ತಾರು ವರ್ಷ ಹಾಸ್ಟೆಲಿನ ಮೇಲ್ವಿಚಾರಕಿಯಾಗಿದ್ದವಳು ನಾನು. ಬೆನ್ನು ಬಾಗಿಸಿ ರಾತ್ರಿಯೆಲ್ಲ ಓದಿ, ಪರೀಕ್ಷೆಯ ಕೋಣೆಯಲ್ಲಿ ಎದೆ ಬಿಗಿದು ಬಿದ್ದ ಹುಡುಗಿಯರನ್ನು ಹೊತ್ತು ತಂದಿದ್ದೇನೆ. ಸಾಲಿಯಲ್ಲಿ ಕೂತವರನ್ನು ಮಾಸ್ತರ ನೋಡುತ್ತಾನೆ. ಮನೆಯಲ್ಲಿ ಕೂತವಳನ್ನು ಯಾರು ನೋಡುತ್ತಾರೆ? ತನ್ನನ್ನು ತಾನೇ ನೋಡಿಕೊಳ್ಳಬೇಕು.

ಬೆಳಿಗ್ಗೆ ಮುಖ ತೊಳೆದು ಚಾಪೆಯ ಮೇಲೆ ಕೂತುಕೋ. ಮೂಗಿನ ತುದಿಯಲ್ಲಿ ಉಸಿರು ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ನೋಡು. ನಮ್ಮ ಬುದ್ಧ ವಿಹಾರದಲ್ಲಿ ಭಂತೇಜಿ ಕಲಿಸಿದ್ದು ಇಷ್ಟೇ. ಮನಸ್ಸು ಅಡುಗೆಗೆ ಓಡಿದರೆ ಎಳೆದು ತಾ. ಆಮೇಲೆ ಎದ್ದು ಎರಡೂ ಕೈ ಹೆಣೆದು ಮೇಲೆತ್ತಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಗು. ಹಾಗೆ ನಿಂತೇ ಉಸಿರು ಎಳೆದು ಹಿಡಿದು, ಬಿಡುವ ತನಕ ಒಂದು, ಎರಡು ಎಂದು ಎಣಿಸು. ಎಷ್ಟು ಬಂತೋ ಅಷ್ಟನ್ನೇ ಬರೆ. ಹಾಸ್ಟೆಲಿನಲ್ಲಿ ಸುಳ್ಳು ಎಣಿಕೆ ಬರೆದವಳ ಅಂಗೈಗೆ ನಾನು ಬೆತ್ತ ಕೊಡುತ್ತಿದ್ದೆ. ಮಾರ್ಚಿಗೆ ಹನ್ನೆರಡು ಮುಟ್ಟಬೇಕು.

ಪರೀಕ್ಷೆ ಮಾರ್ಚ್ 29ರಿಂದ. ಕೇಂದ್ರ ಭಾಲ್ಕಿ. ನಿನ್ನ ಅಪ್ಪ ಅವ್ವ ಮೆಹಕರದ ಮನೆಗೆ ಬೀಗ ಹಾಕಿ ಕೆಲಸ ಹುಡುಕಿ ಹೈದರಾಬಾದಿಗೆ ಹೋಗಿದ್ದಾರೆ, ಅವರ ಚಿಂತೆ ಮಾಡಿ ಪ್ರಯೋಜನವಿಲ್ಲ. ನಮ್ಮ ಮನೆತನದಲ್ಲಿ ಮೆಟ್ರಿಕ್ ಆಗದ ಹೆಣ್ಣಿಲ್ಲ. ನೀನು ಮೊದಲನೆಯವಳಾಗಬೇಡ.

ನಿನ್ನ ಅತ್ತೆ,
ಕೌಸಲ್ಯಾಬಾಯಿ


ಔರಾದ
23 ನವೆಂಬರ್ 2003

ಪೂಜ್ಯ ಅತ್ತೆಯವರಿಗೆ ಶಾಲು ಮಾಡುವ ನಮಸ್ಕಾರ.

ಬರೆಯದೇ ಇದ್ದದ್ದು ತಪ್ಪು. ಎಣಿಕೆ ಮೊದಲ ದಿನ ಐದು, ಈಗ ಎಂಟು. ಸುಳ್ಳಲ್ಲ.

ಪಕ್ಕದ ಮನೆಯ ರಹೀಮುನ್ನಿಸಾ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತು ಕೂತು ಸೊಂಟ ಹಿಡಿದಿದೆ ಎನ್ನುತ್ತಿದ್ದರು. ನಾನು ಬಾಗುವುದನ್ನು ನೋಡಿ ಅವರೂ ಬಂದು ನಿಂತರು. ‘ನಿಮ್ಮ ಅತ್ತಿ ಭಾಳ ಕಡಕ್ ಅದಾರಂತ. ನಾ ಎಣಸೂದು ತಪ್ಪಿದ್ರ ಬೀದರದಿಂದ ಬೆತ್ತ ಬೀಸ್ತಾರೇನು?’ ಎಂದು ಕೇಳಿ ನಗಿಸಿದರು. ಅವರದು ನಾಲ್ಕರ ಮೇಲೆ ಹೋಗುವುದಿಲ್ಲ, ನಡುವೆ ಮಾತಾಡುತ್ತಾರೆ.

ಇಲ್ಲಿ ನೀರು ನಾಲ್ಕು ದಿನಕ್ಕೊಮ್ಮೆ. ಟ್ಯಾಂಕರ್ ಬಂದರೆ ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಮೊನ್ನೆ ಕೊಡದ ಏಟಿಗೆ ಒಬ್ಬಳ ಹುಬ್ಬು ಸೀಳಿತು. ನಿಮ್ಮ ಮಗ ಚಕ್ರದ ನಟ್ಟು ಬಿಚ್ಚುವ ಕಬ್ಬಿಣದ ಪಾನಾ ಹಿಡಿದು ನಲ್ಲಿಯ ಹತ್ತಿರ ನಿಲ್ಲುತ್ತಾರೆ. ಬೀಸದಿದ್ದರೆ ಜನ ಗಾಡಿಯನ್ನೇ ಕೆಡವುತ್ತಾರಂತೆ. ಮನೆಗೆ ಬಂದಾಗಲೂ ಅವರ ಕೈ ಬಿಗಿಯಾಗಿಯೇ ಇರುತ್ತದೆ. ದಣಿದಿರುತ್ತಾರೆ.

ಇತಿಹಾಸದ ಮೂರು ಪಾಠ ಮುಗಿಸಿದೆ. ಬೀಜಗಣಿತ ಕಷ್ಟ.

ನಿಮ್ಮ ಸೊಸೆ,
ಶಾಲು


ಚಿದ್ರಿ
7 ಡಿಸೆಂಬರ್ 2003

ಚಿ. ಶಾಲುಬಾಯಿಗೆ,

ಎಂಟು ಕಡಿಮೆಯಲ್ಲ, ಹೆಚ್ಚೂ ಅಲ್ಲ. ‘ಮಾಡುವ ನಮಸ್ಕಾರ’ದಂಥ ಮಾತು ಬಿಟ್ಟು ಬೀಜಗಣಿತದ ಲೆಕ್ಕ ಬರೆದು ಕಳಿಸು, ತಿದ್ದುತ್ತೇನೆ. ಆ ಹೊಲಿಗೆಯವಳ ಜತೆ ಹರಟೆ ಬೇಡ.

ಗುಂಪನ್ನು ಗದರದೆ ನೀರು ಹಂಚಲಾಗುವುದಿಲ್ಲ. ನನ್ನ ಮಗನಿಗೆ ಅದು ಬರುತ್ತದೆ. ಬರಗಾಲದಲ್ಲಿ ಗಟ್ಟಿ ಕೈ ಇದ್ದವನೇ ಊರು ಉಳಿಸುತ್ತಾನೆ. ದಣಿದು ಬಂದವನ ಎದುರು ಪುಸ್ತಕ ಹಿಡಿದು ಕೂರಬೇಡ. ಮೊದಲು ಊಟ ಬಡಿಸಿ, ಆಮೇಲೆ ಓದು.

ಕೌಸಲ್ಯಾಬಾಯಿ


ಔರಾದ
11 ಜನವರಿ 2004

ಪೂಜ್ಯ ಅತ್ತೆಯವರಿಗೆ,

ಎರಡು ಪತ್ರ ತಪ್ಪಿತು. ಅಂಗಳದಲ್ಲಿ ಬಚ್ಚಲ ಕಲ್ಲಿನ ಮೇಲೆ ಜಾರಿ ಬಿದ್ದೆ. ದೊಡ್ಡದೇನಲ್ಲ.

ಎಣಿಕೆ ಮೂರು.

ಎಡಗೈ ಮೇಲೆತ್ತಿದರೆ ಪಕ್ಕೆಯಲ್ಲಿ ಹಿಡಿಯುತ್ತದೆ. ಕೂತು ಉಸಿರು ನೋಡುವುದನ್ನಷ್ಟೇ ಮಾಡಿ, ಬಾಗುವುದನ್ನು ಕೆಲವು ದಿನ ಬಿಡಲೇ? ಓದು ಬಿಟ್ಟಿಲ್ಲ. ಸೀಮೆಎಣ್ಣೆ ಸಾಲದ್ದಕ್ಕೆ ಹಗಲಲ್ಲೇ ಓದುತ್ತೇನೆ. ಇತಿಹಾಸದ ಪುಸ್ತಕ ಹರಿದಿದೆ, ಇನ್ನೊಂದು ಸಿಗುವುದೇ?

ಬಿದ್ದದ್ದನ್ನು ಅವರಿಗೆ ಬರೆಯುವುದು ಬೇಡ. ನೊಂದುಕೊಳ್ಳುತ್ತಾರೆ.

ಶಾಲು


ಚಿದ್ರಿ
18 ಜನವರಿ 2004

ಶಾಲುಬಾಯಿ,

ಎಂಟಿದ್ದವಳು ಮೂರಕ್ಕೆ ಇಳಿಯುವುದೆಂದರೆ ಏನು? ಬಚ್ಚಲಲ್ಲಿ ಜಾರದವರು ಯಾರಿದ್ದಾರೆ? ಇಟ್ಟಿಗೆ ಭಟ್ಟಿಯಲ್ಲಿ ದುಡಿಯುತ್ತ ಓದುವ ಕಮಲನಗರದ ಹುಡುಗಿಯೊಬ್ಬಳು ಹನ್ನೊಂದು ಬರೆದು ಕಳಿಸಿದ್ದಾಳೆ. ಅವಳಿಗೆ ನೆರಳೂ ಇಲ್ಲ. ನಿನಗೆ ಮನೆಯಿದೆ, ಗಂಡ ನೀರು ತಂದು ಹಾಕುತ್ತಾನೆ. ಆದರೂ ಪುಸ್ತಕ ಹರಿದುಕೊಂಡಿದ್ದೀ.

ಹಿಡಿದ ಜಾಗವನ್ನು ಹಿಗ್ಗಿಸಿಯೇ ಬಿಡಿಸಬೇಕು. ಹೆದರಿ ಬಿಟ್ಟವಳ ಮೈ ಹಾಗೆಯೇ ಸೆಟೆಯುತ್ತದೆ. ಇಂಥ ನೆಪಗಳನ್ನು ನಾನು ಇಪ್ಪತ್ತಾರು ವರ್ಷ ಕೇಳಿದ್ದೇನೆ. ಉಸಿರು ಸುಳ್ಳು ಹೇಳುವುದಿಲ್ಲ. ನಿನ್ನ ಮೂರು ಎಂಬುದು ಮೈಗಳ್ಳತನದ ಅಂಕ.

ಅಂಚೆಯಲ್ಲಿ ಬೆತ್ತ ಕಳಿಸಲಾರೆ. ಅದಕ್ಕೇ ಮಚ್ಛೇಂದ್ರನಿಗೂ ಬರೆದಿದ್ದೇನೆ. ಇನ್ನು ಅವನು ಮುಂದೆ ನಿಂತು ಮಾಡಿಸುತ್ತಾನೆ.

ಕೌಸಲ್ಯಾಬಾಯಿ


ಚಿದ್ರಿ
18 ಜನವರಿ 2004

ಮಚ್ಛೇಂದ್ರ,

ನಿನ್ನ ಹೆಂಡತಿ ಓದಿನಲ್ಲಿ ಕಳ್ಳಾಟ ಆಡುತ್ತಿದ್ದಾಳೆ. ನಾಳೆಯಿಂದ ಬೆಳಿಗ್ಗೆ ಟ್ಯಾಂಕರಿಗೆ ಹೋಗುವ ಮೊದಲು ಅವಳನ್ನು ಚಾಪೆಯ ಮೇಲೆ ನಿಲ್ಲಿಸು. ಎರಡೂ ಕೈ ಮೇಲೆತ್ತಿಸು. ನೋವು ಎಂದರೆ ನಂಬಬೇಡ. ಎಣಿಕೆ ಹನ್ನೆರಡು ಆಗುವ ತನಕ ಕೈ ಇಳಿಸಗೊಡಬೇಡ. ಇದು ನಿನ್ನ ಜವಾಬ್ದಾರಿ.

ಅವ್ವ


ಔರಾದ
1 ಫೆಬ್ರವರಿ 2004
(ಅಂಚೆ ಕಾರ್ಡು)

ಪೂಜ್ಯ ಅತ್ತೆಯವರಿಗೆ, ಎಣಿಕೆ ಹನ್ನೆರಡು. ಅವರು ಮುಂದೆ ನಿಂತು ಚೆನ್ನಾಗಿ ಕಲಿಸುತ್ತಾರೆ. ಅವರು ಹೇಳಿದಂತೆ ಬರೆಯುತ್ತಿದ್ದೇನೆ. ಸುಖವಾಗಿದ್ದೇನೆ. ಶಾಲು.


ಚಿದ್ರಿ
8 ಫೆಬ್ರವರಿ 2004

ಚಿ. ಶಾಲುಬಾಯಿಗೆ,

ನೋಡಿದೆಯಾ? ಹದಿನೈದು ದಿನದಲ್ಲಿ ಮೂರು ಹನ್ನೆರಡಾಯಿತು. ನಿನ್ನ ಕಾರ್ಡನ್ನು ಪಾಠ ನಡೆಸುವವರಿಗೆ ತೋರಿಸಿದೆ. ಅಂದು ನಕ್ಕವರು ಇಂದು, ‘ಬಾಯಿ, ನಿಮ್ಮ ಹಾಳಿ ಕೆಲಸ ಮಾಡ್ಯದ’ ಎಂದರು. ಮುಂದಿನ ಕಟ್ಟಿನಲ್ಲಿ ಎಲ್ಲರಿಗೂ ನಿನ್ನ ಉದಾಹರಣೆ ಬರೆಯುತ್ತೇನೆ. ಮನೆಯವರೊಬ್ಬರು ನಿಂತು ಮಾಡಿಸಬೇಕು ಎಂಬ ಸಾಲನ್ನೂ ಸೇರಿಸುತ್ತೇನೆ.

ಇತಿಹಾಸದ ಪುಸ್ತಕ ಕಳಿಸಿದ್ದೇನೆ. ಹರಿಯಬೇಡ.

ನಿನ್ನ ಅತ್ತೆ,
ಕೌಸಲ್ಯಾಬಾಯಿ


ಔರಾದ
17 ಫೆಬ್ರವರಿ 2004

ಅತ್ತೆಯವರಿಗೆ,

ಇದನ್ನು ರಹೀಮುನ್ನಿಸಾ ಅಕ್ಕನ ಮನೆಯಲ್ಲಿ ಮಲಗಿ ಬರೆಯುತ್ತಿದ್ದೇನೆ. ಅವರೇ ಅಂಚೆಗೆ ಹಾಕುತ್ತಾರೆ. ಅಕ್ಷರ ಸರಿಯಿಲ್ಲ, ಮನ್ನಿಸಿ.

ನಾನು ಜಾರಿ ಬಿದ್ದಿರಲಿಲ್ಲ. ಡಿಸೆಂಬರ್ 28ರಂದು ಜನ ಟ್ಯಾಂಕರಿನ ಗಾಜು ಒಡೆದರು. ನಿಮ್ಮ ಮಗ ಹಣೆಯಲ್ಲಿ ರಕ್ತ ಹಚ್ಚಿಕೊಂಡು ಮನೆಗೆ ಬಂದಾಗ ನಾನು ಓದುತ್ತ ಕೂತಿದ್ದೆ. ಎದ್ದೆ, ಆದರೆ ತಡವಾಗಿ ಎದ್ದೆನಂತೆ. ಮೊದಲು ಪುಸ್ತಕ ಹರಿದರು. ಆಮೇಲೆ ಪಾನಾದಿಂದ ಎಡಪಕ್ಕೆಗೆ ಹೊಡೆದರು. ಒಳಗೆ ಒಣ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅದು ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಜನವರಿಯ ಪತ್ರದಲ್ಲಿ ನಾನು ನಿಮಗೆ ಎಲ್ಲ ಸುಳ್ಳು ಬರೆದೆ, ಎಣಿಕೆಯೊಂದನ್ನು ಬಿಟ್ಟು. ಮೂರು ಎಂದು ಬರೆದದ್ದು ನೀವು ತಿಳಿಯಲಿ ಎಂದು. ಹಾಸ್ಟೆಲಿನಲ್ಲಿ ಅಷ್ಟು ಹುಡುಗಿಯರ ಉಸಿರು ನೋಡಿದವರು ಒಂದು ಅಂಕ ನೋಡಿದರೆ ತಿಳಿಯುತ್ತಾರೆ ಅಂದುಕೊಂಡೆ.

ನಿಮ್ಮ ಪತ್ರ ಬಂದ ದಿನ ಅವರು ಅದನ್ನು ಗಟ್ಟಿಯಾಗಿ ಓದಿ, ಮೊಳೆ ಹೊಡೆದು ಗೋಡೆಗೆ ತೂಗುಹಾಕಿದರು. ಪ್ರತಿ ಬೆಳಿಗ್ಗೆ, ‘ಏಳ, ಸಾಲಿ ಬಾಯಿ, ಕೈ ಮ್ಯಾಲ ಮಾಡು. ನಮ್ಮವ್ವ ಹನ್ನೆರಡು ಅಂದಾಳ’ ಎನ್ನುತ್ತಾರೆ. ಎಣಿಸುವವರು ಅವರು. ಏಳಕ್ಕೆ ಬಂದು ಮತ್ತೆ ಒಂದಕ್ಕೆ ಹೋಗುತ್ತಾರೆ. ಕಾರ್ಡಿನಲ್ಲಿದ್ದ ಹನ್ನೆರಡು ಅವರೇ ಬರೆಸಿದ್ದು. ಕೈ ಇಳಿದರೆ ಅದೇ ಜಾಗಕ್ಕೆ ಮೊಣಕಾಲು. ನಾನು ಕೂಗಿದರೆ, ‘ಉಸಿರ ಸುಮ್ಮನ ಖರ್ಚ ಮಾಡಬ್ಯಾಡ’ ಎಂದು ನಗುತ್ತಾರೆ. ಮೊದಲು ಹೊಡೆಯಲು ಅವರಿಗೆ ಸಿಟ್ಟು ಬರಬೇಕಿತ್ತು. ಈಗ ಸಿಟ್ಟು ಬೇಕಿಲ್ಲ, ನಿಮ್ಮ ಪತ್ರ ಇದೆ.

ನಿನ್ನೆ ಕೆಮ್ಮಿದಾಗ ರಕ್ತ ಬಂತು. ಅಕ್ಕ ಗೋಡೆಯಾಚೆ ಕೇಳಿಸಿಕೊಂಡು ಬಂದು, ‘ಆಕಿನ್ನ ಬಿಡು, ಇಲ್ಲಂದ್ರ ಕತ್ತರಿ ಹಾಕ್ತೇನಿ’ ಎಂದು ಬಟ್ಟೆ ಕತ್ತರಿಸುವ ಕತ್ತರಿ ಹಿಡಿದು ನಿಂತರು. ಅವರೇ ನನ್ನನ್ನು ಇಲ್ಲಿಗೆ ತಂದರು. ನಾಳೆಯೋ ನಾಡಿದ್ದೋ ನಿಮ್ಮ ಮಗ ಇಲ್ಲಿಗೂ ಬರುತ್ತಾರೆ.

ಮೆಹಕರದ ಮನೆಗೆ ಬೀಗ. ಅಪ್ಪ ಅವ್ವ ಎಲ್ಲಿ ಕೆಲಸ ಮಾಡುತ್ತಾರೆಂಬ ವಿಳಾಸ ಇಲ್ಲ. ನಾನು ಬರೆಯಬಹುದಾದವರು ನೀವೊಬ್ಬರೇ. ಅದಕ್ಕೇ ಬರೆದೆ. ಪರೀಕ್ಷೆಗೆ ನಲವತ್ತೊಂದು ದಿನ ಇದೆ. ನಾನು ಬರೆಯಬೇಕು.

ಶಾಲು


ಔರಾದ
7 ಮಾರ್ಚ್ 2004

ಚಿ. ಶಾಲುಬಾಯಿಗೆ, ಚಿದ್ರಿಯ ಮನೆಗೆ,

ಆಸ್ಪತ್ರೆಯಿಂದ ನಿನ್ನನ್ನು ಮನೆಗೆ ಬಿಟ್ಟರೆಂದು ರಹೀಮುನ್ನಿಸಾ ಮರಳಿ ಬಂದು ಹೇಳಿದಳು. ಎರಡು ಎಲುಬು ಮುರಿದಿದ್ದವು, ಒಂದು ಒಳಗೆ ಚುಚ್ಚಿತ್ತು ಎಂದಳು. ಇನ್ನೂ ನಾಲ್ಕು ದಿನ ಕೈ ಎತ್ತಿಸಿದ್ದರೆ ಬದುಕುತ್ತಿರಲಿಲ್ಲ ಎಂದು ಡಾಕ್ಟರು ಬೈದರಂತೆ. ಯಾರಿಗೆ ಬೈದರೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.

ನಿನ್ನ ಪತ್ರ ಓದಿ ಔರಾದಕ್ಕೆ ಬಂದು, ಅಂದು ನಿನ್ನನ್ನೂ ರಹೀಮುನ್ನಿಸಾಳನ್ನೂ ಬೀದರದ ಆಸ್ಪತ್ರೆಗೆಂದು ಬಸ್ಸು ಹತ್ತಿಸಿದ ಮೇಲೆ ಏನಾಯಿತೆಂದು ನಿನಗೆ ತಿಳಿಯಬೇಕು.

ನೆಟ್ಟಗೆ ಟ್ಯಾಂಕರ್ ನಿಲ್ಲುವಲ್ಲಿಗೆ ಹೋದೆ. ಮಧ್ಯಾಹ್ನ ಎರಡು ಗಂಟೆ. ನಲವತ್ತು ಐವತ್ತು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಮಚ್ಛೇಂದ್ರ ನಲ್ಲಿಯ ಹತ್ತಿರ ಇದ್ದ.

‘ಅವ್ವಾ, ನೀ ಇಲ್ಲಿಗಿ ಯಾಕ ಬಂದಿ? ಮನಿಗಿ ನಡಿ’ ಎಂದ.

‘ಆಕಿ ಎಲುಬು ಮುರದದ ಅಂತ ನಿನಗ ಗೊತ್ತಿತ್ತೇನು?’

‘ಮಂದಿ ಮುಂದ ಬ್ಯಾಡ.’

‘ಗೊತ್ತಿತ್ತೇನೋ?’

ಅವನು ನಕ್ಕ. ‘ಗೊತ್ತಿತ್ತು. ನೀನ ಬರದಿದ್ದಿ ಅಲಾ? ನೋವು ಅಂದ್ರ ನಂಬಬ್ಯಾಡ ಅಂತ. ನಾ ಅವ್ವನ ಮಾತ ಕೇಳಿದ ಮಗ.’

ನಾನು ಅವನ ಕೆನ್ನೆಗೆ ಹೊಡೆದೆ. ಮೂವತ್ತು ವರ್ಷದ ಮಗನಿಗೆ, ಊರ ಮುಂದೆ. ಅವನು ಪಾನಾ ಎತ್ತಿದ. ತಲೆಗೆ ಬೀಳಬೇಕಾದದ್ದು ಭುಜಕ್ಕೆ ಬಿತ್ತು. ನಾನು ಮಣ್ಣಿಗೆ ಬಿದ್ದೆ.

ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಒಬ್ಬಳು ಸಾಲಿನಿಂದ ಹೊರಗೆ ಬಂದಳು. ‘ಏ ಭಾಡ್ಯಾ, ನಮ್ಮ ಕೊಡಾ ಒಡದಿ, ತಡಕೊಂಡಿವಿ. ಹಡದಾಕಿನ್ನೂ ಬಡಿತಿಯೇನು?’ ಎಂದು ಕೈಯಲ್ಲಿದ್ದ ಸ್ಟೀಲಿನ ಕೊಡವನ್ನು ಅವನ ಬಾಯಿಗೆ ಬೀಸಿದಳು. ಆಮೇಲೆ ಎಲ್ಲರೂ ಬಂದರು. ನಾಲ್ಕು ತಿಂಗಳು ಅವನ ಕೈಯಲ್ಲಿ ಏಟು ತಿಂದವರು. ಯಾರೋ ಪಾನಾ ಕಸಿದುಕೊಂಡು ಅವನ ಬಲಗೈಯನ್ನು ಗಾಡಿಯ ಬಂಪರಿನ ಮೇಲಿಟ್ಟು ಹೊಡೆದರು. ಹಲ್ಲು ಬಿದ್ದವು. ನಲ್ಲಿ ತೆರೆದೇ ಇತ್ತು. ನಾಲ್ಕು ದಿನ ಹಾದಿ ನೋಡಿದ ನೀರು ಕಾಲಡಿಯ ಕೆಸರಿಗೆ ಹರಿದು ಹೋಗುತ್ತಿದ್ದರೂ ಒಬ್ಬಳೂ ಅದರ ಕಡೆ ನೋಡಲಿಲ್ಲ.

‘ಅವ್ವಾ’ ಎಂದು ಅವನು ಎರಡು ಸಲ ಕೂಗಿದ. ಬಿಡಿ ಎನ್ನಲು ನನಗೆ ಬಾಯಿತ್ತು. ನಾನು ಕೂತಲ್ಲೇ ಕಣ್ಣು ಮುಚ್ಚಿ ನನ್ನ ಉಸಿರು ಎಣಿಸಿದೆ. ನಲವತ್ತು ಆದ ಮೇಲೆ ಎದ್ದು ಬಿಡಿಸಿದೆ. ಅಷ್ಟೂ ಹೊತ್ತು ಮನಸ್ಸು ಎಲ್ಲಿಗೂ ಓಡಲಿಲ್ಲ. ವಿಹಾರದಲ್ಲಿ ಒಂದು ದಿನವೂ ಅಷ್ಟು ನಿಂತಿರಲಿಲ್ಲ. ಅದನ್ನು ನೆನೆದರೆ ನನಗೇ ಹೆದರಿಕೆಯಾಗುತ್ತದೆ.

ಅವನ ಬಲಗೈ ಪುಡಿಯಾಗಿದೆ. ಮೂರು ತಿಂಗಳು ಗಾಡಿ ಹಿಡಿಯಲಾರ. ನಾನೇ ಉಣಿಸುತ್ತಿದ್ದೇನೆ. ನನ್ನ ಭುಜ ಊದಿದೆ, ಹೋಗುತ್ತದೆ.

ಇನ್ನೊಂದು ಮಾತು. ಅವನ ಕೈ ಹೇಗೆಂದು ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ನನ್ನ ಮುಂದಿನ ಹಲ್ಲು ಅವನು ಹತ್ತೊಂಬತ್ತರಲ್ಲಿದ್ದಾಗ ಹೋದದ್ದು. ಮದುವೆಯಾದರೆ ತಿದ್ದಿಕೊಳ್ಳುತ್ತಾನೆ, ಓದುವ ಹುಡುಗಿ ಬಂದರೆ ಇನ್ನೂ ಬೇಗ ತಿದ್ದಿಕೊಳ್ಳುತ್ತಾನೆ ಎಂದುಕೊಂಡು ನಿನ್ನ ಅಪ್ಪನಿಗೆ ಹೇಳಲಿಲ್ಲ.

ಅವನಿಗೆ ಆಗಬೇಕಾದದ್ದು ಆಯಿತು. ನಮ್ಮ ಮನೆತನ ಠಾಣೆ ಕೋರ್ಟಿನ ಮೆಟ್ಟಿಲು ಹತ್ತಿದ್ದಿಲ್ಲ. ನೀನು ಪರೀಕ್ಷೆ ಮುಗಿಸಿ ಬಾ. ನಾನು ಇಲ್ಲೇ ನಿಮ್ಮ ನಡುವೆ ಇರುತ್ತೇನೆ. ಇನ್ನು ಅವನು ಕೈ ಎತ್ತುವುದಿಲ್ಲ.

ನಿನ್ನ ಅತ್ತೆ,
ಕೌಸಲ್ಯಾಬಾಯಿ


ಮೆಹಕರ, ತಾ. ಭಾಲ್ಕಿ
12 ಏಪ್ರಿಲ್ 2004

ಕೌಸಲ್ಯಾಬಾಯಿಯವರಿಗೆ,

ನಿಮ್ಮ ಪತ್ರಕ್ಕೆ ಪರೀಕ್ಷೆ ಮುಗಿಯುವವರೆಗೂ ಉತ್ತರಿಸಬಾರದೆಂದು ಇದ್ದೆ. ಮುಗಿಯಿತು. ಆರೂ ವಿಷಯ ಬರೆದೆ. ಎದೆಗೆ ಪಟ್ಟಿ ಕಟ್ಟಿಕೊಂಡು ಬರೆದೆ. ಎಣಿಸಲಿಲ್ಲ. ನೋವಿದ್ದಲ್ಲಿಗೆ ತಾಗದ ಹಾಗೆ ಚಿಕ್ಕ ಚಿಕ್ಕದಾಗಿ ಉಸಿರು ತೆಗೆದುಕೊಂಡೆ. ಮೂರು ಗಂಟೆ ಕೂರಲು ಅಷ್ಟು ಸಾಕಾಯಿತು. ಗಣಿತದಲ್ಲಿ ಭರವಸೆಯಿಲ್ಲ.

ಅವ್ವ ಹೈದರಾಬಾದಿನಿಂದ ಬಂದಿದ್ದಾಳೆ. ಚಿದ್ರಿಯ ಮನೆಯ ಕೀಲಿಯನ್ನು ಎದುರು ಮನೆಯಲ್ಲಿ ಕೊಟ್ಟು ಬಂದೆ. ನಾನು ಔರಾದಕ್ಕೆ ಬರುವುದಿಲ್ಲ.

ಹೊಡೆಸಿಕೊಂಡವಳು ನಾನು. ಆಗಬೇಕಾದದ್ದು ಆಯಿತು ಎಂದವರು ನೀವು. ನನ್ನನ್ನು ಯಾರೂ ಕೇಳಲಿಲ್ಲ. ಆ ಹೆಂಗಸರು ಮಚ್ಛೇಂದ್ರನನ್ನು ಹೊಡೆದದ್ದು ತಮ್ಮ ಏಟಿಗೆ, ಮತ್ತೆ ನಿಮ್ಮ ಏಟಿಗೆ. ನನ್ನದು ಹಾಗೇ ಇದೆ. ಅವನ ಕೈ ಕೂಡಿಕೊಳ್ಳುತ್ತದೆ. ಆಮೇಲೆ ಅವನು ಇನ್ನೊಬ್ಬಳನ್ನು ತಂದರೆ ಅವಳ ಅಪ್ಪನಿಗೆ ಯಾರು ಹೇಳುತ್ತಾರೆ?

ನಾನು ಇಲ್ಲಿಯ ಠಾಣೆಯಲ್ಲಿ ದೂರು ಕೊಟ್ಟಿದ್ದೇನೆ. ಅದನ್ನು ಔರಾದಕ್ಕೆ ಕಳಿಸಿದ್ದಾರೆ. ಬಚ್ಚಲಲ್ಲಿ ಬಿದ್ದೆನೆಂದು ನಾನೇ ಬರೆದ ಪತ್ರ ನಿಮ್ಮ ಹತ್ತಿರ ಇದೆ. ಮಚ್ಛೇಂದ್ರ ಅದನ್ನೇ ಹೇಳುತ್ತಾನೆ, ಎಲ್ಲರೂ ನಂಬುತ್ತಾರೆ. ಗೊತ್ತಿದ್ದೂ ಹೊಡೆದೆ ಎಂದು ಅವನು ಒಪ್ಪಿಕೊಂಡದ್ದು ನಿಮ್ಮ ಮುಂದೆ. ನೀವು ಹೇಳಿದರೆ ದೂರು ನಿಲ್ಲುತ್ತದೆ, ಹೇಳದಿದ್ದರೆ ಬೀಳುತ್ತದೆ. ಹೇಳಿ ಎಂದು ನಾನು ಬೇಡುವುದಿಲ್ಲ.

ನಿಮ್ಮ ಹಳದಿ ಹಾಳೆಯನ್ನು ಮತ್ತೆ ಓದಿದೆ. ನೋವಾದರೆ ನಿಲ್ಲಿಸಿ ಎಂಬ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅದು ಅರವತ್ತು ಮನೆಗಳಲ್ಲಿದೆ. ಮನೆಯವರು ನಿಂತು ಮಾಡಿಸಲಿ ಎಂಬ ಸಾಲು ಎಷ್ಟು ಮನೆಗೆ ಹೋಗಿದೆಯೋ ನನಗೆ ತಿಳಿಯದು.

ಶಾಲುಬಾಯಿ


ಔರಾದ
21 ಏಪ್ರಿಲ್ 2004

ಶಾಲುಬಾಯಿಯವರಿಗೆ,

ಆ ಸಾಲು ಫೆಬ್ರವರಿಯ ಕಟ್ಟಿನಲ್ಲಿ ಅರವತ್ತೂ ಮನೆಗಳಿಗೆ ಹೋಗಿದೆ. ಮೂರು ದಿನ ಕೂತು ಅರವತ್ತು ಕಾರ್ಡು ಬರೆದೆ. ‘ನೋವಾದರೆ ನಿಲ್ಲಿಸು. ಯಾರೂ ಎದುರು ನಿಂತು ಮಾಡಿಸುವುದು ಬೇಡ. ಹಿಂದೆ ನಾನು ಬರೆದದ್ದು ತಪ್ಪು’ ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ. ಕಮಲನಗರದ ಹುಡುಗಿಯ ಕಾರ್ಡು ಮರಳಿ ಬಂತು. ಭಟ್ಟಿ ಮುಚ್ಚಿದೆ, ಅವರು ಎಲ್ಲಿಗೆ ಹೋದರೋ ತಿಳಿದಿಲ್ಲ. ಅವಳ ಹನ್ನೊಂದು ಹೇಗೆ ಬಂದಿತ್ತೆಂದು ಈಗ ಯಾರನ್ನು ಕೇಳಲಿ?

ನಿಮ್ಮ ಪತ್ರ ಬಂದಾಗ ಮಚ್ಛೇಂದ್ರನಿಗೆ ಉಣಿಸುತ್ತಿದ್ದೆ. ‘ಯಾರದು?’ ಎಂದ. ನಿನ್ನ ಹೆಂಡತಿಯದು ಎಂದೆ. ‘ಬರ್ತಾಳಂತೇನು? ಬರಲಿ, ಇನ್ನೊಂದು ಕೈ ಅದ’ ಎಂದು ಎಡಗೈ ತೋರಿಸಿದ. ತಟ್ಟೆಯನ್ನು ಅಲ್ಲೇ ಇಟ್ಟು ಎದ್ದೆ.

ನಿನ್ನೆ ಠಾಣೆಗೆ ಹೋದೆ. ಬರೆದುಕೊಳ್ಳುವವನು ಹಾಸ್ಟೆಲಿನ ಒಬ್ಬ ಹುಡುಗಿಯ ತಮ್ಮ. ಎದ್ದು ಕುರ್ಚಿ ಕೊಟ್ಟ. ‘ಬಾಯಿ, ಸ್ವಂತ ಮಗನ ಮ್ಯಾಲ ಬರಸ್ತೀರೇನ್ರಿ? ಇನ್ನೊಮ್ಮಿ ವಿಚಾರ ಮಾಡ್ರಿ.’

‘ವಿಚಾರ ಮಾಡಿ ಮಾಡಿನ ಇಲ್ಲಿಗಿ ಬಂದೀನಿ. ಬರಕೋ.’

ಮಚ್ಛೇಂದ್ರ ಹೇಳಿದ್ದು, ನಾನು ಕೇಳಿದ್ದು, ಹತ್ತೊಂಬತ್ತರಲ್ಲಿ ಅವನು ನನಗೆ ಮಾಡಿದ್ದು, ಎಲ್ಲ ಬರೆಸಿದೆ. ಜನವರಿ 18ರಂದು ನಾನು ಅವನಿಗೆ ಬರೆದದ್ದನ್ನು ಗೋಡೆಯಿಂದ ಕಿತ್ತು ಒಯ್ದಿದ್ದೆ. ಅದನ್ನೂ ಕೊಟ್ಟೆ. ಓದಿ ಬರೆದುಕೊಳ್ಳುವವನ ಮುಖ ಇಳಿಯಿತು. ‘ಇದು ಬ್ಯಾಡ್ರಿ ಬಾಯಿ, ಇದರಾಗ ನಿಮ್ಮ ಹೆಸರೂ ಬರ್ತದ’ ಎಂದು ಮರಳಿ ಚಾಚಿದ. ತೆಗೆದುಕೊಳ್ಳಲಿಲ್ಲ. ಹೊಡೆದವನು ನನ್ನ ಮಗ, ಹೊಡೆಯಲು ನಿಲ್ಲಿಸಿದವಳು ನಾನು ಎಂದು ಹೇಳಿ, ಬರೆಯುವವರೆಗೂ ಅಲ್ಲಿಂದ ಏಳಲಿಲ್ಲ.

ಸಂಜೆ ಬಂದು ಮಚ್ಛೇಂದ್ರನನ್ನು ಕರೆದೊಯ್ದರು. ಜೀಪು ಹತ್ತುವಾಗ ಅವನು ನನಗೆ ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೇಳಬೇಕಾದವಳು ನಾನೇ, ನೀವಲ್ಲ.

ವಕೀಲರೊಬ್ಬರನ್ನು ಕಂಡೆ. ನಾನು ಕಟಕಟೆಯಲ್ಲಿ ನಿಂತಾಗ ಮೊದಲು ನಿಮ್ಮನ್ನು ತೋರಿಸಿ, ‘ಈಕೆ ನಿಮಗೆ ಏನಾಗಬೇಕು?’ ಎಂದು ಕೇಳುತ್ತಾರಂತೆ. ಏನು ಹೇಳಬೇಕೆಂದು ಬರೆದು ಕಳಿಸಿ. ಅದನ್ನೇ ಹೇಳುತ್ತೇನೆ.

ಕೌಸಲ್ಯಾಬಾಯಿ